ನವೆಂಬರ್ ಒಂದು: ದಿನಾಂಕವೂ ಚರಿತ್ರೆಯೂ

ಬೆಳಗಿನ ಪ್ರಾರ್ಥನೆ ಮುಗಿದ ಬಳಿಕ ಕರಿಹಲಗೆಯ ಮೇಲೆ ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದ ಕೆಳಗೆ ನಾಲ್ಕಾರು ಘಟನೆಗಳನ್ನು ಬರೆದು ಮಕ್ಕಳಿಂದ ಓದಿಸುವ ಪದ್ಧತಿ ಅನೇಕ ವಿದ್ಯಾಸಂಸ್ಥೆಗಳಲ್ಲಿ ಉಂಟು. ಜ್ಞಾಪಕಶಕ್ತಿಗೆ ಇದು ಒಳ್ಳೆಯ ವ್ಯಾಯಾಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ದಿನಾಂಕದ ದಾರದಲ್ಲಿ ಪೋಣಿಸಿದ ಮಾತ್ರಕ್ಕೆ ಬಿಡಿ ಘಟನೆಗಳು ಚರಿತ್ರೆಯಾಗುವವೇ ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳಿಕೊಳ್ಳುವುದು ಅವಶ್ಯ. ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಗಡಿಸೀಮೆಯಲ್ಲಿ ಈ ಪ್ರಶ್ನೆ ಬೋಧನಕ್ರಮಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮಕ್ಕಳು ತಮ್ಮ ನೆರೆಯವರನ್ನು ಯಾವ ದೃಷ್ಟಿಯಿಂದ ಕಾಣಬೇಕು ಎಂಬುದಕ್ಕೂ ಸಂಬಂಧಿಸಿದ್ದು.

ಕನ್ನಡಿಗರೆಲ್ಲರಿಗೂ ಪ್ರಿಯವಾದ ನವೆಂಬರ್ ೧ನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೧೭೫೫ರಲ್ಲಿ ಈ ದಿನ ಪೋರ್ತುಗಲ್ಲಿನ ಲಿಸ್ಬನ್ ನಗರವು ಭೂಕಂಪದಿಂದ ನೆಲಸಮವಾಯಿತು. ೧೮೫೮ರಲ್ಲಿ ಈ ದಿನ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಅಲಹಾಬಾದಿನಲ್ಲಿ ಓದಲಾಗಿ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ನೇರವಾಗಿ ಬ್ರಿಟಿಷ್ ಸಿಂಹಾಸನಕ್ಕೆ ವರ್ಗವಾಯಿತು. ೧೯೫೪ರಲ್ಲಿ ಪಾಂಡಿಚೇರಿಯ ಆಡಳಿತ ಫ್ರೆಂಚರ ಕೈಯಿಂದ ಭಾರತಕ್ಕೆ ಬಂದಿತು. ೧೯೫೬ರಲ್ಲಿ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಅದೇ ದಿನ ಆಂಧ್ರ ಪ್ರದೇಶವೂ ಕೇರಳವೂ ಹೊಸ ಮಧ್ಯಪ್ರದೇಶವೂ ಜನ್ಮ ತಾಳಿದವು. ೧೯೬೬ರಲ್ಲಿ ಹರಿಯಾಣ, ೨೦೦೦ದಲ್ಲಿ ಛತ್ತೀಸಗಢ ರಚಿತವಾದವು. ಇವುಗಳ ನಡುವೆ, ೧೯೭೩ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದಿತು.

ಪಟ್ಟಿ ಭವ್ಯವಾಗಿಯೇ ಇದೆ. ಆದರೆ ಇದರಲ್ಲಿರುವ ನಂಟುಗಳು ಒಂದೇ ಜಾತಿಯವಲ್ಲ. ಲಿಸ್ಬನ್ನಿನ ಭೂಕಂಪಕ್ಕೂ ಕನ್ನಡಿಗರ ಏಕೀಕರಣಕ್ಕೂ ಇರುವುದು ಕೇವಲ ಆಕಸ್ಮಿಕ ಹೊಂದಾಣಿಕೆ. ರಾಣಿಯ ಘೋಷಣೆಯ ಕಾಲದಲ್ಲಿ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು; ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಆ ಘೋಷಣೆಯ ಪರಿಣಾಮ ಈ ಕಡೆಗೂ ಆ ಕಡೆಗೂ ತಟ್ಟಿತೆಂಬುದು ನಿಜ. ಆದರೂ ಅದರ ದಿನಾಂಕಕ್ಕೂ ರಾಜ್ಯೋತ್ಸವಕ್ಕೂ ಯಾವ ಸಂಬಂಧವೂ ಇಲ್ಲ. ಇದು ಮೊದಲನೆಯ ಬಗೆ.

ಎರಡನೆಯದು ಕಾರಣದ ನಂಟು. ೧೯೫೬ರಲ್ಲಿ ಹಲವು ರಾಜ್ಯಗಳು ಒಂದೇ ದಿನ ಹುಟ್ಟಿದ್ದು ಆಕಸ್ಮಿಕವಲ್ಲ. ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಕೈಗೊಂಡ ಪೊಟ್ಟಿ ಶ್ರೀರಾಮುಲು ಅವರು ೧೯೫೨ರ ಡಿಸೆಂಬರ್ ೧೫ರಂದು ಪ್ರಾಣ ಬಿಟ್ಟರು. ಮರುವರ್ಷ ಆಂಧ್ರ ರಾಜ್ಯ ರೂಪುಗೊಂಡಿತು. ಅನಂತರ ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಗಿ, ಅದರ ವರದಿಯ ಮೇಲೆ ೧೯೫೬ರ ಶಾಸನ ಬಂದಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದದ್ದು ಇದೇ ಶಾಸನದಿಂದ. ತೆಲುಗರೂ ಮಲೆಯಾಳಿಗಳೂ ತಮ್ಮ ತಮ್ಮ ರಾಜ್ಯಗಳನ್ನು ಪಡೆದದ್ದೂ ಇದರಿಂದಲೇ. ಅಂದು ಚಿತ್ರದುರ್ಗದವರೇ ಆದ ಎಸ್. ನಿಜಲಿಂಗಪ್ಪನವರು ಹೊಸ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದರು. ಕನ್ನಡಿಗರೂ ತೆಲುಗರೂ ಆ ದಿನದ ಮಟ್ಟಿಗೆ ಒಂದೇ ತೊಟ್ಟಿಲಲ್ಲಿ ತೂಗಿದ ಕೂಸುಗಳು.

ಮೂರನೆಯದು ಸಂಕಲ್ಪದ ನಂಟು. ೧೯೩೦ರ ಜನವರಿ ೨೬ರಂದು ದೇಶವು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಕೈಗೊಂಡಿತ್ತೆಂಬ ಕಾರಣಕ್ಕಾಗಿಯೇ ೧೯೫೦ರಲ್ಲಿ ಅದೇ ದಿನವನ್ನು ಗಣರಾಜ್ಯದ ಆರಂಭಕ್ಕೆ ಆರಿಸಲಾಯಿತು. ಬಿರ್ಸಾ ಮುಂಡಾ ಅವರ ಜನ್ಮದಿನವಾದ ನವೆಂಬರ್ ೧೫ರಂದು, ೨೦೦೦ದಲ್ಲಿ, ಝಾರ್ಖಂಡ ರಾಜ್ಯ ಉದ್ಘಾಟನೆಗೊಂಡಿತು. ೧೯೭೩ರ ನಾಮಕರಣವೂ ಹೀಗೆಯೇ ಏಕೀಕರಣದ ದಿನವನ್ನು ನೆನೆದು ನಡೆದದ್ದು. ಹಿಂದಿನವರ ಶ್ರಮವನ್ನು ಮುಂದಿನವರು ಗೌರವಿಸುವ ರೀತಿಗಳಲ್ಲಿ ಇದೂ ಒಂದು.

ಇಷ್ಟಾದರೂ ಮೊಳಕಾಲ್ಮೂರಿನ ಮಟ್ಟಿಗೆ ಬಹು ಮುಖ್ಯವಾದ ದಿನವೊಂದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಚಳ್ಳಕೆರೆ, ಮೊಳಕಾಲ್ಮೂರುಗಳೆರಡೂ ಮೊದಲಿನಿಂದಲೂ ಮೈಸೂರಿಗೆ ಸೇರಿದ ತಾಲ್ಲೂಕುಗಳಾದ್ದರಿಂದ ೧೯೫೬ರ ನವೆಂಬರ್ ೧ರಂದು ಇಲ್ಲಿಯ ರೈತನ ಜಿಲ್ಲೆಯಾಗಲಿ, ರಾಜ್ಯದ ಹೆಸರಾಗಲಿ ಬದಲಾಗಲಿಲ್ಲ. ನಿಜವಾದ ಬದಲಾವಣೆ ಅದಕ್ಕೆ ಮೂರು ವರ್ಷಗಳ ಹಿಂದೆಯೇ, ೧೯೫೩ರ ಅಕ್ಟೋಬರ್ ೧ರಂದು, ನಡೆದುಹೋಗಿತ್ತು. ಅಲ್ಲಿಯವರೆಗೆ ಮೊಳಕಾಲ್ಮೂರು ತಾಲ್ಲೂಕು ಬಹುಮಟ್ಟಿಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಿಂದ ಸುತ್ತುವರಿದಿತ್ತು. ಅಂದು ಬಳ್ಳಾರಿ ಮೈಸೂರಿಗೆ ಬಂದಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಒಂದು ದಿಕ್ಕಿನ ಗಡಿ ಅಳಿಸಿತು. ಇನ್ನೊಂದು ದಿಕ್ಕಿನ ಗಡಿ ಹೊಸ ಹೆಸರಿನಿಂದ ನಿಂತಿತು. ಬಳ್ಳಾರಿಯ ಸೇರ್ಪಡೆಯ ಆ ಸಂದರ್ಭದಲ್ಲಿ ರಂಜಾನ್ ಸಾಬ್ ಅವರು ಪ್ರಾಣವನ್ನೇ ತೆತ್ತರು. ನವೆಂಬರ್ ೧ನ್ನು ಬಾಯಿಪಾಠ ಮಾಡಿದ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಈ ಅಕ್ಟೋಬರ್ ೧ರ ಪರಿಚಯವಿದೆ? ದಿನಾಂಕದ ಪಟ್ಟಿ ಕೊಡುವ ಜ್ಞಾನದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ.

ಒಂದೇ ದಿನ ಎಲ್ಲರಿಗೂ ಹಬ್ಬವಾಗಲಿಲ್ಲವೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ೧೯೫೬ರ ನವೆಂಬರ್ ೧ರಂದೇ ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೭ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕೆಂದು ಶಿಫಾರಸು ಮಾಡಿದರೂ ಅದು ಕಾರ್ಯಗತವಾಗಲಿಲ್ಲ. ಇನ್ನು ಆಂಧ್ರದ ಕಡೆ ನೋಡಿದರೆ, ಅಂದು ಒಂದಾದ ಆಂಧ್ರ, ತೆಲಂಗಾಣಗಳು ೨೦೧೪ರ ಜೂನ್ ೨ರಂದು ಬೇರೆ ಬೇರೆಯಾದವು. ಒಂದೇ ದಿನಾಂಕವು ಒಬ್ಬರಿಗೆ ಸಂಭ್ರಮ, ಇನ್ನೊಬ್ಬರಿಗೆ ಅಗಲಿಕೆ.

ಈ ಸೀಮೆಯಲ್ಲಿ ಇದರ ಅರಿವು ಅತ್ಯಗತ್ಯ. ಇಲ್ಲಿಯ ಅನೇಕ ಮನೆಗಳಲ್ಲಿ ತೆಲುಗು ಮಾತೃಭಾಷೆ. ಅನೇಕರ ಬೀಗತನ ರಾಯದುರ್ಗದ ಕಡೆಗೆ. ಚಿತ್ರದುರ್ಗದಿಂದ ಚಳ್ಳಕೆರೆಯ ಮೂಲಕ ಬಳ್ಳಾರಿಗೆ ಹೋಗುವ ರೈಲೇ ರಾಯದುರ್ಗವನ್ನು ಹಾದು ಹೋಗುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ರಥೋತ್ಸವಕ್ಕೆ ಫಾಲ್ಗುಣದಲ್ಲಿ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ತೇರಿನ ಹಗ್ಗ ಹಿಡಿದವರನ್ನು ‘ನೀವು ಯಾವ ರಾಜ್ಯದವರು’ ಎಂದು ಯಾರೂ ಕೇಳುವುದಿಲ್ಲ. ಇಂಥ ಊರುಗಳಲ್ಲಿ ರಾಜ್ಯೋತ್ಸವದ ಭಾಷಣವು ನೆರೆಯವರ ಮೇಲಿನ ವಿಜಯೋತ್ಸವದ ಧಾಟಿಯನ್ನು ಹಿಡಿದರೆ, ಸಾಲಿನಲ್ಲಿ ನಿಂತ ತೆಲುಗು ಮನೆಮಾತಿನ ಬಾಲಕನೊಬ್ಬ ತಾನು ಈ ಹಬ್ಬಕ್ಕೆ ಹೊರಗಿನವನೆಂದು ಭಾವಿಸಬಹುದು. ಕನ್ನಡವನ್ನು ಅಕ್ಕರೆಯಿಂದ ಕಲಿಯುತ್ತಿರುವ ಮಗುವನ್ನು ಕನ್ನಡದ ಹಬ್ಬದಂದೇ ದೂರ ಮಾಡುವುದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ. ಅದೇ ದಿನ ನೆರೆಯವರ ರಾಜ್ಯವೂ ಹುಟ್ಟಿತೆಂದು ತಿಳಿದ ಮಗುವಿಗೆ ಹಬ್ಬ ಇಮ್ಮಡಿಯಾಗುತ್ತದೆ.

ಹೀಗೆ ಹೇಳಿದರೆ ಕನ್ನಡಾಭಿಮಾನ ಸಡಿಲವಾಗುವುದೆಂದು ಕೆಲವರು ಶಂಕಿಸಬಹುದು. ಗಡಿಯಲ್ಲಿ ಭಾಷೆಗೆ ಕಾವಲು ಬೇಕೆಂಬ ಅವರ ಕಳಕಳಿ ಅಲ್ಲಗಳೆಯುವಂಥದಲ್ಲ. ಆದರೆ ಆ ಕಾವಲು ಯಾವುದು ಎಂಬುದನ್ನು ಚಳ್ಳಕೆರೆ ತಾಲ್ಲೂಕಿನ ತಳಕು ಗ್ರಾಮವೇ ತೋರಿಸಿಕೊಟ್ಟಿದೆ. ಆ ಊರಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಅಧ್ಯಾಪಕರಾಗಿ ಒಂದು ಪೀಳಿಗೆಯನ್ನೇ ರೂಪಿಸಿದರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಗಡಿಯ ಕನ್ನಡಕ್ಕೆ ಬಲವಾದ ಕಾವಲೆಂದರೆ ಒಳ್ಳೆಯ ಶಿಕ್ಷಕನೇ. ಜಾತಿಮತಗಳ ಎಲ್ಲೆ ಮೀರಿ, ನಾನಾ ಕಡೆಗಳಿಂದ ಬಂದವರನ್ನು ಕಲ್ಯಾಣದಲ್ಲಿ ಒಂದುಗೂಡಿಸಿ, ಜನರ ಕನ್ನಡದಲ್ಲಿಯೇ ಅನುಭಾವವನ್ನು ನುಡಿದ ಶರಣರ ಪರಂಪರೆಯ ಶಾಲೆಗಳಿಗೆ ಈ ಮಾತು ಹೊಸದೇನೂ ಅಲ್ಲ.

ಆದುದರಿಂದ ಕರಿಹಲಗೆಯ ಪಟ್ಟಿಯನ್ನು ಅಳಿಸಬೇಕಾಗಿಲ್ಲ. ಅದರ ಕೆಳಗೆ ಒಂದು ಪ್ರಶ್ನೆಯನ್ನು ಸೇರಿಸಿದರೆ ಸಾಕು: ಈ ಘಟನೆಗಳು ಒಂದೇ ದಿನ ನಡೆದದ್ದು ಆಕಸ್ಮಿಕದಿಂದಲೋ, ಕಾರಣದಿಂದಲೋ, ಸಂಕಲ್ಪದಿಂದಲೋ? ಶಿಕ್ಷಕರು ೧೯೫೩ರ ಹಿಂದಿನ ಮತ್ತು ೧೯೫೬ರ ಅನಂತರದ ಭೂಪಟಗಳೆರಡನ್ನೂ ತರಗತಿಯಲ್ಲಿ ತೂಗುಹಾಕಲಿ. ದಾನಿಗಳು ಜಿಲ್ಲಾ ಗ್ಯಾಸೆಟಿಯರುಗಳನ್ನೂ ಶಾಸನ ಸಂಪುಟಗಳನ್ನೂ ಗ್ರಂಥಾಲಯಕ್ಕೆ ಒದಗಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರ ನೆನಪುಗಳನ್ನೂ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಕಾಗದಪತ್ರಗಳನ್ನೂ ಶಾಲೆಗೆ ತಂದು ತೋರಿಸಲಿ. ಆಗ ಚರಿತ್ರೆಯು ಸ್ಪರ್ಧೆಯ ಪ್ರಶ್ನೆಪತ್ರಿಕೆಯಿಂದ ಹೊರಬಂದು ಊರಿನ ಬದುಕಿನೊಡನೆ ಬೆರೆಯುತ್ತದೆ.

ಇದಕ್ಕೆ ಮೊದಲ ಪಾಠಶಾಲೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ೨೫೬ ಎಂಬ ಸಂಖ್ಯೆಯಿದೆ. ಅದು ಚಕ್ರವರ್ತಿಯ ಪ್ರವಾಸದ ದಿನಗಳ ಲೆಕ್ಕವೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಇಸಿಲದ ಅಧಿಕಾರಿಗಳಿಗೆ ಬಂದ ಆ ಸಂದೇಶದಲ್ಲಿ ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶವಿದೆ. ಆ ೨೫೬ನೆಯ ದಿನ ಯಾವ ತಿಂಗಳ ಯಾವ ತಾರೀಖಿಗೆ ಬಿದ್ದಿತೆಂದು ಬಂಡೆ ಹೇಳುವುದಿಲ್ಲ. ಉಪದೇಶ ಮಾತ್ರ ಎರಡು ಸಾವಿರ ವರ್ಷಗಳ ಮೇಲೂ ಓದಲು ಸಿಗುತ್ತದೆ. ಮುಂದಿನ ನವೆಂಬರ್ ೧ರಂದು ಧ್ವಜಾರೋಹಣವಾದ ಮೇಲೆ ಮಕ್ಕಳನ್ನು ಆ ಬಂಡೆಯ ಬಳಿಗೆ ಕರೆದೊಯ್ಯುವ ಶಾಲೆಯು ರಾಜ್ಯೋತ್ಸವವನ್ನು ಸಾರ್ಥಕವಾಗಿ ಆಚರಿಸಿದಂತಾಗುವುದು.