ದೊಡ್ಡ ವಕೀಲರ ಹೆಸರಿಗೆ ಸಾಲ ಮಾಡಬೇಕೆ?

ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆ ಊರ ಹಿರಿಯರು ಹೇಳುವ ಮೊದಲ ಮಾತು 'ರಾಜಿ ಮಾಡಿಕೊ'. ರಾಜಿಯಾಗದಿದ್ದರೆ ಎರಡನೆಯ ಮಾತು, 'ಕಲಬುರಗಿಯ ದೊಡ್ಡ ವಕೀಲರನ್ನು ಹಿಡಿಯಿರಿ'. ಮೊದಲ ಮಾತನ್ನು ಪ್ರಶ್ನಿಸಲು ಕಲಿತ ನಾವು ಎರಡನೆಯದನ್ನು ಮಾತ್ರ ತಲೆಬಾಗಿ ಒಪ್ಪುವುದೇಕೆ, ಅಕ್ಕಂದಿರೆ?

ಮದುವೆಗೆಂದು ತೊಗರಿ ಮಾರಿದ್ದಾಯಿತು, ಬಂಗಾರಕ್ಕೆ ಸಾಲ ಮಾಡಿದ್ದಾಯಿತು. ಈಗ ಫೀಸಿಗೆಂದು ಸಂಘದಿಂದ ಮತ್ತೊಂದು ಸಾಲ. ಅಷ್ಟು ಕೊಟ್ಟ ಮೇಲೆ ಚಿಂಚೋಳಿಯ ಕೋರ್ಟಿಗೆ ಆ ದೊಡ್ಡವರೇ ಬರುತ್ತಾರೆಯೆ? ಎಷ್ಟೋ ಸಲ ಬರುವುದು ಅವರ ಕೈಕೆಳಗಿನ ಕಿರಿಯ, ಅದೂ ಮುಂದಿನ ತಾರೀಖು ಕೇಳಲು. ಕಡತ ಓದದ ಕಿರಿಯನಿಗೆ ದೊಡ್ಡವರ ಫೀಸು ಕೊಡುವ ಬದಲು, ಸೇಡಂ, ಚಿತ್ತಾಪುರದಲ್ಲಿ ಇಬ್ಬರು ಮೂವರು ಕೂಡಿ ಹೊಸದಾಗಿ ಕಚೇರಿ ತೆರೆದ ಯುವ ವಕೀಲರನ್ನೇ ನೇರವಾಗಿ ನೇಮಿಸಿಕೊಳ್ಳಿ. ಒಬ್ಬರು ಬೇರೆ ಕೋರ್ಟಿನಲ್ಲಿದ್ದರೆ ನಮ್ಮ ಕಥೆ ಗೊತ್ತಿರುವ ಇನ್ನೊಬ್ಬರು ನಿಲ್ಲುತ್ತಾರೆ. ಅವರಲ್ಲಿ ಒಬ್ಬಳು ಮಹಿಳೆಯಿದ್ದರೆ ಮೈಮೇಲಿನ ಬರೆ ತೋರಿಸಲು ಸಂಕೋಚವಿರುವುದಿಲ್ಲ.

ನಮ್ಮ ಪ್ರಕರಣಗಳಲ್ಲಿ ತಡವಾದಷ್ಟೂ ಲಾಭ ಗಂಡನಿಗೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ಇರಬೇಕು, ಅಲ್ಲಿಂದ 60 ದಿನಗಳಲ್ಲಿ ಮುಗಿಸಲು ಕೋರ್ಟು ಯತ್ನಿಸಬೇಕು. ಪ್ರತಿ ತಾರೀಖಿಗೂ ಹಾಜರಾಗಿ ಇದನ್ನು ನೆನಪಿಸುವ ವಕೀಲರಿಲ್ಲದಿದ್ದರೆ ಆ 60 ದಿನ ಪುಸ್ತಕದಲ್ಲೇ ಉಳಿಯುತ್ತದೆ. ಗಂಡ ಸೊಲ್ಲಾಪುರದಲ್ಲಿದ್ದರೂ, ವಾಡಿಯ ತವರಿನಲ್ಲಿರುವಾಕೆ ತಾನಿರುವ ಕಡೆಯ ಕೋರ್ಟಿನಲ್ಲೇ ಈ ಅರ್ಜಿ ಹಾಕಬಹುದು.

ಜೀವನಾಂಶದ ಮಾತಂತೂ ಕಾಲಿನ ಕೆಲಸ. 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡಹೆಂಡತಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಿಗಬೇಕು ಎಂದಿತು. 'ನನಗೆ ದುಡಿಮೆಯೇ ಇಲ್ಲ' ಎನ್ನುವ ಗಂಡನ ಸಿಮೆಂಟ್ ಕಾರ್ಖಾನೆಯ ಪಗಾರ ಚೀಟಿ, ಹೊಲದ ಪಹಣಿ, ಶಹಾಬಾದಿನ ಫರ್ಸಿ ವ್ಯಾಪಾರದ ಲೆಕ್ಕ ಹುಡುಕಿ ತರುವವರು ಯಾರು? ನಾಲ್ಕಾರು ಪ್ರಕರಣಗಳಷ್ಟೇ ಕೈಯಲ್ಲಿರುವ, ಹೆಸರು ಗಳಿಸಬೇಕೆಂಬ ಹಸಿವಿರುವ ಕಚೇರಿಗೆ ಅದಕ್ಕೆ ಪುರುಸೊತ್ತಿರುತ್ತದೆ. ಅನುಭವ ಬೇಡವೆ? ಬೇಕು. ಆದರೆ 2024ರ ಜುಲೈ 1ರಿಂದ ಹೊಸ ಅಪರಾಧಗಳಿಗೆ 498-ಎ ಬದಲು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳು ಬಂದಿವೆ. ಇದನ್ನು ಹಿರಿಯರೂ ಹೊಸದಾಗಿ ಓದಬೇಕಾಯಿತು.

ಎಳೆಯ ವಯಸ್ಸೆಂದರೆ ಒಳ್ಳೆಯ ಮನಸ್ಸೆಂದಲ್ಲ. 'ನಿನ್ನ ತಪ್ಪೇನಿತ್ತಮ್ಮ?' ಎಂದು ಮೊದಲೇ ಕೇಳುವ ವಕೀಲ ಇಪ್ಪತ್ತೈದರವನಾದರೂ ಬೇಡ. ವರದಕ್ಷಿಣೆ ಸಾವಿನ ಪ್ರಕರಣ ನಡೆಸುವುದು ಸರ್ಕಾರಿ ಅಭಿಯೋಜಕರು. ಅಲ್ಲಿ ಖಾಸಗಿ ವಕೀಲರ ಪಾತ್ರ ಸಣ್ಣದು. ಅದಕ್ಕಾಗಿ ಹೊಲ ಮಾರಬೇಡಿ. ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುವ ಪ್ರಸಂಗ ಬಂದರೆ ಪಳಗಿದವರನ್ನು ಹುಡುಕಿ, ತಕರಾರಿಲ್ಲ.

ಫೀಸೇ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ಹಕ್ಕಿದೆ.

ಮುಂದಿನ ಸಭೆಗೆ ಇಂಥ ಒಂದು ಕಚೇರಿಯವರನ್ನು ಕರೆಸಿ. ಒಟ್ಟು ಫೀಸೆಷ್ಟು, ಕೋರ್ಟಿಗೆ ಬರುವವರು ಯಾರು ಎಂಬುದನ್ನು ಬರೆಸಿಕೊಳ್ಳಿ. 'ಜೀವನಾಂಶದಲ್ಲಿ ಇಷ್ಟು ಪಾಲು' ಎಂದರೆ ಎದ್ದು ಬನ್ನಿ, ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ. ಈಗಾಗಲೇ ದೊಡ್ಡವರಲ್ಲಿ ಸಿಕ್ಕಿಬಿದ್ದವರು ಹೆದರಬೇಡಿ: ಫೀಸು ಬಾಕಿಯೆಂದು ವಕೀಲರು ಕಕ್ಷಿದಾರರ ಕಾಗದಪತ್ರ ತಡೆಹಿಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಸಂಘದ ನಾಲ್ವರು ಕೂಡಿ ಹೋಗಿ, ಕಡತ ಕೇಳಿ ತನ್ನಿ.