ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ನಿಘಂಟನ್ನು ತೆರೆದು ಶಬ್ದವನ್ನು ಅರಸುವವನಿಗೆ ಕಣ್ಣೂ ಬುದ್ಧಿಯೂ ಕೂಡಿ ನೆರವಾಗುತ್ತವೆ. ‘ಸೂರ್ಯ’ ಎಂದು ಅರ್ಕಾವತ್ತಿನಿಂದ ಬರೆದರೇನು, ‘ಸೂರ‍್ಯ’ ಎಂದು ರಕಾರಕ್ಕೆ ಯಕಾರವನ್ನು ಒತ್ತಾಗಿ ಕೊಟ್ಟರೇನು, ಶಬ್ದವೊಂದೇ ಎಂದು ಅವನು ಬಲ್ಲ. ಗಣಕಯಂತ್ರಕ್ಕೆ ಈ ಔದಾರ್ಯವಿಲ್ಲ.

ಜಾವಾಸ್ಕ್ರಿಪ್ಟ್ ಎಂಬುದು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಅಮೆರಿಕೆಯ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಗಣಕಭಾಷೆ. ಅದರಲ್ಲಿ ‘ಆಬ್ಜೆಕ್ಟ್’ ಎಂಬ ರಚನೆಯೊಂದುಂಟು. ಅದೂ ಒಂದು ಕಿರುನಿಘಂಟೇ ಸರಿ: ಒಂದು ಬದಿಗೆ ಕೀಲಿ, ಇನ್ನೊಂದು ಬದಿಗೆ ಅದಕ್ಕೆ ಸೇರಿದ ವಿವರ. ವಿದ್ಯಾರ್ಥಿವೇತನದ ಅರ್ಜಿಗಾಗಿ ಜಿಲ್ಲೆಗಳ ಹೆಸರನ್ನೇ ಕೀಲಿಗಳನ್ನಾಗಿ ಇರಿಸಿರುವರೆಂದು ಭಾವಿಸೋಣ. ಹುಡುಗಿಯೊಬ್ಬಳು ‘ಕೋಲಾರ’ ಎಂದು ಬರೆದೊಡನೆ ಯಂತ್ರವು ಆ ಬರಹಕ್ಕೆ ಹೊಂದುವ ಕೀಲಿಯನ್ನು ಹುಡುಕುತ್ತದೆ. ದೊರೆತರೆ ಅರ್ಜಿ ಮುಂದಕ್ಕೆ ಸಾಗುವುದು. ದೊರೆಯದಿದ್ದರೆ ‘ಅಂಥ ಜಿಲ್ಲೆಯಿಲ್ಲ’ ಎಂಬ ಉತ್ತರ ಬರುವುದು.

ಈ ಹುಡುಕಾಟದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಇಲ್ಲದುದನ್ನು ಉಂಟೆನ್ನುವುದು. ಸಾಮಾನ್ಯ ಆಬ್ಜೆಕ್ಟಿಗೆ ಸ್ವಯಾರ್ಜಿತ ಕೀಲಿಗಳಲ್ಲದೆ, ತನ್ನ ಮೂಲದಿಂದ ಬಂದ ಪಿತ್ರಾರ್ಜಿತವೂ ಇರುತ್ತದೆ. ‘ಕನ್‌ಸ್ಟ್ರಕ್ಟರ್’, ‘ಟೋಸ್ಟ್ರಿಂಗ್’ ಮೊದಲಾದವು ಅಂಥವು. ‘ಇನ್’ ಎಂಬ ಪದದಿಂದ ಪ್ರಶ್ನಿಸಿದರೆ ಯಂತ್ರವು ಎರಡು ಬಗೆಯ ಆಸ್ತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದುದರಿಂದ ಜಿಲ್ಲೆಯ ಜಾಗದಲ್ಲಿ ಯಾರಾದರೂ ‘ಕನ್‌ಸ್ಟ್ರಕ್ಟರ್’ ಎಂದು ಆಂಗ್ಲಲಿಪಿಯಲ್ಲಿ ಬರೆದರೆ, ಅದೂ ಒಂದು ಜಿಲ್ಲೆಯೆಂದು ಒಪ್ಪಿಬಿಡುತ್ತದೆ! ಸ್ವಯಾರ್ಜಿತವನ್ನು ಮಾತ್ರ ವಿಚಾರಿಸುವ ‘ಆಬ್ಜೆಕ್ಟ್.ಹ್ಯಾಸ್‌ಓನ್’ ಎಂಬ ವಿಧಾನವು 2022ರ ಆವೃತ್ತಿಯಲ್ಲಿ ಸೇರಿತು. 2015ರಲ್ಲಿ ಬಂದ ‘ಮ್ಯಾಪ್’ ಎಂಬ ರಚನೆಯನ್ನು ಬಳಸಿ, ‘ಹ್ಯಾಸ್’ ಎಂದು ಕೇಳಿದರೂ ಈ ತೊಡಕು ಇರದು.

ಎರಡನೆಯದು, ಇರುವುದನ್ನು ಇಲ್ಲವೆನ್ನುವುದು. ಇದು ಕನ್ನಡಿಗರಿಗೆ ಹೆಚ್ಚು ಸಮೀಪದ್ದು. ಯಂತ್ರದೊಳಗೆ ಅಕ್ಷರಗಳೆಲ್ಲ ಅಂಕೆಗಳು. ಯೂನಿಕೋಡ್ ಪದ್ಧತಿಯಲ್ಲಿ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಅಂಕೆಯಿಂದ ಬರೆಯಬಹುದು; ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಅಂಕೆಗಳಿಂದಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. ಜಾವಾಸ್ಕ್ರಿಪ್ಟ್ ಆದರೋ ರೂಪವನ್ನು ನೋಡದು. ಅಂಕೆಗೆ ಅಂಕೆಯನ್ನು ಇಟ್ಟು ಹೋಲಿಸುತ್ತದೆ. ಕೀಲಿಯೊಂದು ಬಗೆಯಲ್ಲಿ, ಅರ್ಜಿಯ ಬರಹವಿನ್ನೊಂದು ಬಗೆಯಲ್ಲಿ ಇದ್ದರೆ ಕೋಲಾರಕ್ಕೆ ಕೋಲಾರವೇ ಹೊಂದದು.

ಪರಿಹಾರ ಕಠಿಣವಲ್ಲ. 2015ರಿಂದ ಭಾಷೆಯಲ್ಲಿರುವ ‘ನಾರ್ಮಲೈಸ್’ ಎಂಬ ವಿಧಾನವು ಎರಡು ಬಗೆಯ ಬರವಣಿಗೆಯನ್ನೂ ಒಂದೇ ಅಚ್ಚಿಗೆ ತರುತ್ತದೆ. ಆದರೆ ಬಂದ ಬರಹವನ್ನಷ್ಟೇ ತಿದ್ದಿದರೆ ಸಾಲದು; ಕೀಲಿಗಳನ್ನೂ ಮೊದಲೇ ಅದೇ ಅಚ್ಚಿನಲ್ಲಿ ಇಟ್ಟಿರಬೇಕು. ಇಷ್ಟಾದರೂ ‘ಸೂರ್ಯ’, ‘ಸೂರ‍್ಯ’ ಎಂಬವು ಕೂಡಿಕೊಳ್ಳುವುದಿಲ್ಲ. ಎರಡನೆಯದರ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದಿದೆ. ನಾರ್ಮಲೈಸ್ ಅದನ್ನು ತೆಗೆಯದು. ಅದನ್ನು ತೆಗೆದು ಹೋಲಿಸಬೇಕೆಂದು ಹೇಳಬೇಕಾದವನು ಕನ್ನಡವನ್ನು ಬಲ್ಲ ಮನುಷ್ಯನೇ.

ಯಂತ್ರವು ಇಲ್ಲವೆಂದ ಮಾತ್ರಕ್ಕೆ ಕೋಲಾರವೇನೂ ಇಲ್ಲವಾಗದು. ಇಲ್ಲವಾಗುವುದು ಆ ಹುಡುಗಿಯ ವಿದ್ಯಾರ್ಥಿವೇತನ. ಅವಳು ತಾನು ಬರೆದ ಹೆಸರನ್ನು ಮತ್ತೆ ಮತ್ತೆ ಓದಿ ನೋಡಿದರೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಏಕೆಂದರೆ ತಪ್ಪು ಅವಳದಲ್ಲ. ಕೀಲಿಗಳನ್ನು ಜೋಡಿಸುವವನು ನೆನಪಿನಲ್ಲಿ ಇಡಬೇಕಾದುದು ಇದನ್ನೇ.