ಮೊದಲು ಕಷಾಯವನ್ನು ಪರೀಕ್ಷಿಸಿ

ಔಷಧಿ ಮರದ ತೊಗಟೆಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆಯೇ ಎಂದು ಪ್ರಯೋಗಾಲಯದಲ್ಲಿ ಕೇಳಿದರೆ ಹೆಚ್ಚಿನ ಸಲ 'ಇದೆ' ಎಂದೇ ಉತ್ತರ ಬರುತ್ತದೆ. ಅಚ್ಚರಿಯೇನಿಲ್ಲ. ಶಿಲೀಂಧ್ರ, ಹುಳು, ಕೊಳೆರೋಗ ಒಳನುಗ್ಗದಂತೆ ಮರವನ್ನು ಕಾಯುವುದೇ ತೊಗಟೆಯ ಕೆಲಸ. ಜಾಲಿ, ಮತ್ತಿ, ನೇರಳೆಯ ಚಕ್ಕೆ ಅಗಿದಾಗ ಬಾಯಿ ಒಗರಾಗುವುದು ಟ್ಯಾನಿನ್‌ನಿಂದ. ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮ ಹದ ಮಾಡುವವರು ಜಾಲಿ, ತಂಗಡಿ ತೊಗಟೆ ಬಳಸಿದ್ದು ಈ ಗುಣಕ್ಕಾಗಿಯೇ. ಬ್ಯಾಕ್ಟೀರಿಯಾದ ಪ್ರೋಟೀನನ್ನೂ ಅದು ಬಿಡುವುದಿಲ್ಲ. ಆದ್ದರಿಂದ 'ಇದೆಯೇ' ಎಂಬುದು ತೀರ ಸುಲಭದ ಪ್ರಶ್ನೆ.

ಪರೀಕ್ಷೆಯ ಕ್ರಮ ಬಹುಪಾಲು ಒಂದೇ. ತೊಗಟೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ತೆಗೆಯುತ್ತಾರೆ. ಬ್ಯಾಕ್ಟೀರಿಯಾ ಸವರಿದ ಅಗರ್ ತಟ್ಟೆಯಲ್ಲಿ ಕುಳಿ ಕೊರೆದು ಸಾರ ತುಂಬುತ್ತಾರೆ. 37 ಡಿಗ್ರಿ ಶಾಖದಲ್ಲಿ ಒಂದು ದಿನ ಇಟ್ಟು, ಕುಳಿಯ ಸುತ್ತ ಏನೂ ಬೆಳೆಯದ ವಲಯವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಕೊನೆಗೆ 'ಪಾರಂಪರಿಕ ಬಳಕೆಗೆ ವೈಜ್ಞಾನಿಕ ಆಧಾರ ಸಿಕ್ಕಿತು' ಎಂದು ಬರೆದುಬಿಡುತ್ತಾರೆ. ನನ್ನ ತಕರಾರು ಈ ಕೊನೆಯ ವಾಕ್ಯದ ಮೇಲೆ. ಹಾಸನ ಸೀಮೆಯ ಅರಸೀಕೆರೆಯದಿರಲಿ ಬೇಲೂರಿನದಿರಲಿ, ಯಾವ ನಾಟಿ ವೈದ್ಯರು ಗಾಯಕ್ಕೆ ಮೆಥನಾಲ್ ಸಾರ ಹಚ್ಚಿದ್ದಾರೆ? ಅವರು ಚಕ್ಕೆಯನ್ನು ನೀರಲ್ಲಿ ಕುದಿಸುತ್ತಾರೆ. ಆಲ, ಅತ್ತಿ, ಅರಳಿ, ಬಸರಿ, ಹೂವರಸಿಯ ತೊಗಟೆಗಳನ್ನು ಕೂಡಿಸಿದ ಆಯುರ್ವೇದದ ಪಂಚವಲ್ಕಲವೂ ಗಾಯ ತೊಳೆಯುವ ಕಷಾಯವೇ. ಮೆಥನಾಲ್‌ಗೆ ಇಳಿಯುವುದೆಲ್ಲ ನೀರಿಗೆ ಇಳಿಯುವುದಿಲ್ಲ. ಹಾಗಾದರೆ ರುಜುವಾತಾದದ್ದು ಯಾರೂ ಬಳಸದ ಒಂದು ವಸ್ತುವಿನ ಗುಣ.

ಮಿಲಿಮೀಟರ್ ಲೆಕ್ಕವೂ ನಂಬುವಷ್ಟು ಗಟ್ಟಿಯಲ್ಲ. ದೊಡ್ಡ ಅಣುಗಳು ಅಗರ್‌ನಲ್ಲಿ ನಿಧಾನಕ್ಕೆ ಹರಡುವುದರಿಂದ, ಶಕ್ತಿಯಿದ್ದರೂ ವಲಯ ಕಿರಿದಾಗಬಹುದು. ಇನ್ನು ಹೋಲಿಕೆಗೆಂದು ಇಡುವ ಜೆಂಟಾಮೈಸಿನ್ ಬಿಲ್ಲೆಯಲ್ಲಿ ಇರುವುದು ಸಾಮಾನ್ಯವಾಗಿ 10 ಮೈಕ್ರೊಗ್ರಾಂ ಔಷಧ. ಪಕ್ಕದ ಕುಳಿಯಲ್ಲಿ ಮಿಲಿಗ್ರಾಂಗಟ್ಟಲೆ ಸಾರ! 'ಆ್ಯಂಟಿಬಯೋಟಿಕ್‌ಗೆ ಸಮ' ಎಂಬ ಮಾತು ಹುಟ್ಟುವುದು ಹೀಗೆ. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಕನಿಷ್ಠ ಎಷ್ಟು ಸಾರ ಬೇಕು, ಅಷ್ಟೇ ಸಾರಕ್ಕೆ ಮನುಷ್ಯನ ಜೀವಕೋಶ ಉಳಿಯುತ್ತದೆಯೇ ಎಂದು ನೋಡದೆ ಔಷಧಿಯ ಮಾತೆತ್ತಬಾರದು.

ಹಾಗಾದರೆ ನೀರಿನ ಬದಲು ಬೇರೆ ದ್ರಾವಕ ಬಳಸುವುದೇ ತಪ್ಪೇ? ಅಲ್ಲ. ಚೀನಾದ ತು ಯೂಯೂ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಕಂಡುಕೊಂಡದ್ದು ಈಥರ್ ಬಳಸಿಯೇ. 2015ರಲ್ಲಿ ನೊಬೆಲ್ ಕೂಡ ಬಂತು. ಆದರೆ ಆ ಔಷಧಿ ಸಿಗುವ ಗಿಡದ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಬೇಕೆಂದು ಹಳೆಯ ವೈದ್ಯಗ್ರಂಥ ಹೇಳಿದ್ದನ್ನು ಓದಿ, ಕುದಿಸಿದರೆ ಗುಣ ಕೆಡಬಹುದೆಂದು ಊಹಿಸಿದ ಮೇಲೆಯೇ ಅವರು ಕಡಿಮೆ ಶಾಖಕ್ಕೆ ಆವಿಯಾಗುವ ಈಥರ್ ಆರಿಸಿಕೊಂಡರು. ವಾಡಿಕೆಯನ್ನು ಪದ ಪದ ಓದಿದವರಿಗೆ ಅದನ್ನು ಮೀರುವ ಹಕ್ಕಿದೆ.

ತೊಗಟೆ ತಂದ ಊರಿನ ಹೆಸರನ್ನು ವರದಿಯಲ್ಲಿ ಬರೆಯುವುದೂ ಸುಮ್ಮನೆ ಅಲಂಕಾರಕ್ಕಲ್ಲ. ಅರಸೀಕೆರೆ ತೆಂಗು, ಜಾಲಿಯ ಒಣ ಬಯಲು, ಬೇಲೂರು ಮಲೆನಾಡಿನ ಸೆರಗು, ಹಳೇಬೀಡು ನಡುವೆ. ಒಂದೇ ಜಾತಿಯ ಮರವಾದರೂ ಮಣ್ಣು, ಮಳೆ, ಕಾಲ, ವಯಸ್ಸಿನಂತೆ ತೊಗಟೆಯ ಸತ್ವ ಬದಲಾಗುತ್ತದೆ. ಯಾವ ತಿಂಗಳು, ಕಾಂಡದ್ದೋ ಕೊಂಬೆಯದ್ದೋ ಎಂದು ಬರೆಯದಿದ್ದರೆ ಇನ್ನೊಬ್ಬರು ಆ ಪರೀಕ್ಷೆಯನ್ನು ಮತ್ತೆ ಮಾಡಿ ನೋಡುವುದು ಹೇಗೆ?

ತೊಗಟೆ ತೆಗೆಯುವಾಗ ಮರದ ಉಳಿವನ್ನೂ ನೋಡಬೇಕು. ಕಾಂಡದ ಸುತ್ತ ತೊಗಟೆ ಸುಲಿದರೆ ಎಲೆಯ ಆಹಾರ ಬೇರಿಗೆ ಇಳಿಯದೆ ಮರ ಸಾಯುತ್ತದೆ. ಅಮೆರಿಕದ ಯೂ ಮರದ ತೊಗಟೆಯಿಂದ ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಸಿಕ್ಕಾಗ ಮರಗಳೇ ಉರುಳಿದವು. ಯೂರೋಪಿನ ಯೂ ಮರದ ಎಲೆಯಿಂದ ಅದನ್ನು ತಯಾರಿಸುವ ದಾರಿ ಆಮೇಲೆ ತೆರೆಯಿತು.

ಹಾಸನ ಸೀಮೆಯ ವಿಜ್ಞಾನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಮೊದಲ ಕುಳಿಗೆ ವೈದ್ಯರು ಕಾಯಿಸುವ ಕಷಾಯವನ್ನೇ, ಅವರು ಹೇಳಿದ ಅಳತೆಯಲ್ಲೇ ಹಾಕಿ. ಚಕ್ಕೆಯನ್ನು ಕೊಂಬೆಯಿಂದ ತೆಗೆಯಿರಿ. ವಲಯ ಮೂಡದಿದ್ದರೆ ಅದನ್ನೂ ಪ್ರಕಟಿಸಿ.